ಮೂರನೇ ಸಲ ಹೊಯ್ದ ಕವರ್

ಭಾನುವಾರ, 9 ಫೆಬ್ರವರಿ 2025

ಹಳೇ ಬೈಕಿನ ಟೈಮಿಂಗ್ ಕವರ್, ಅಂದ್ರೆ ಎಂಜಿನ್ನಿಗೆ ಸ್ಕ್ರೂ ಹಾಕಿ ಕೂರಿಸೋ ಮುಚ್ಚಳ, ಇವತ್ತು ಅಲ್ಯೂಮಿನಿಯಂ ಕರಗಿಸಿ ಮೂರನೇ ಸಲ ಹೊಯ್ದೆ. ಮೊದಲನೇ ಸಲದ ಪೆದ್ದುತನ ನೆನೆಸಿಕೊಂಡ್ರೆ ಈಗ್ಲೂ ನಗು ಬರುತ್ತೆ, ಒಡೆದ ಕವರನ್ನೇ ಎಪಾಕ್ಸಿ ಹಾಕಿ ಅಂಟಿಸಿ ಹಂಗೇ ಮರಳಲ್ಲಿ ಒತ್ತಿ ಅಚ್ಚು ತೆಗೆದಿದ್ದೆ. ಅಲ್ಯೂಮಿನಿಯಂ ಆರುವಾಗ ಸುಮಾರು 1.3 ಪರ್ಸೆಂಟ್ ಕುಗ್ಗುತ್ತೆ ಅಂತ ಗೊತ್ತಿತ್ತು, ಅಷ್ಟೇ ತಾನೇ ಅಂದ್ಕೊಂಡೆ, ಆದ್ರೆ 150 ಮಿಮೀ ಪೀಸಿಗೆ ಅದು ಹತ್ರ ಹತ್ರ 2 ಮಿಮೀ ಆಗುತ್ತೆ ಸ್ವಾಮಿ, ಒಂದು ಸ್ಕ್ರೂ ಕೂರಿಸಿದ್ರೆ ಎದುರುಗಡೆ ತೂತು ಪಕ್ಕಕ್ಕೆ ಓಡಿರ್ತಿತ್ತು.

ಅದಕ್ಕೇ ಆಮೇಲೆ ತೂತೆಲ್ಲ ಬಾಡಿ ಪುಟ್ಟಿಯಲ್ಲಿ ಮುಚ್ಚಿ, ಅಂಚಿಗೂ ಸ್ಕ್ರೂ ಕೂರೋ ಗುಬುಟಿಗೂ ಪುಟ್ಟಿ ಮೆತ್ತಿ ದಪ್ಪ ಮಾಡಿದೆ. ತೂತು ಎರಕ ಆದ್ಮೇಲೆ ಎಂಜಿನ್ನಿಗೆ ಇಟ್ಟು ನೋಡ್ಕೊಂಡು ಕೊರೆದ್ರಾಯ್ತು. ಎರಡನೇ ಸಲ ಆ ದಪ್ಪ ಗುಬುಟೇ ಕೈ ಕೊಡ್ತು, ಸುತ್ತ ತೆಳು ಭಾಗ ಬೇಗ ಗಟ್ಟಿಯಾಗಿ ಕೊನೇಲಿ ಆರೋ ದಪ್ಪ ಜಾಗಕ್ಕೆ ಲೋಹ ಸಾಲದೆ ಒಳಗೆ ಗುಳಿ ಬಿದ್ದಿತ್ತು. ಇವತ್ತು ಪ್ರತಿ ಗುಬುಟಿನ ಮೇಲೂ ಒಂದೊಂದು ದಪ್ಪ ರೈಸರ್ ಇಟ್ಟೆ, ಅಂದ್ರೆ ಆರುವಾಗ ಕೆಳಗಿನ ಗುಬುಟಿಗೆ ಲೋಹ ಒದಗಿಸೋ ಕಂಬ, ಆಮೇಲೆ ಕೊಯ್ದು ಹಾಕೋದು.

ಮರಳಿಗೆ ಬೆಂಟೊನೈಟ್ ಅನ್ನೋ ಜೇಡಿಮಣ್ಣು ಕಲಸಿ ನೀರು ಚಿಮುಕಿಸಿ ಮುಷ್ಟಿಯಲ್ಲಿ ಹಿಚುಕಿದೆ, ಬೆರಳಿನ ಗುರುತು ನಿಲ್ಲಬೇಕು, ಮುರಿದ್ರೆ ಚೊಕ್ಕವಾಗಿ ಎರಡಾಗಬೇಕು, ಕೈಗೆ ಒದ್ದೆ ಹತ್ತಿದ್ರೆ ನೀರು ಜಾಸ್ತಿ ಅಂತ ಲೆಕ್ಕ. ಪ್ಯಾಟರ್ನ್, ಅಂದ್ರೆ ಪುಟ್ಟಿ ಮೆತ್ತಿದ ಹಳೇ ಕವರ್, ಮರಳಿಂದ ಎತ್ತುವಾಗ ಅಚ್ಚಿನ ಒಂದು ಮೂಲೆ ಉದುರಿತು, ಚಮಚದ ಹಿಂಭಾಗದಲ್ಲಿ ತಟ್ಟಿ ತಟ್ಟಿ ಕೂರಿಸೋಕೇ ಅರ್ಧ ಗಂಟೆ. ಮೂಸೆಗೆ ಹಾಕಿದ್ದು ಹಳೇ ಪಿಸ್ಟನ್ನುಗಳು, ಡ್ರಿಂಕ್ಸ್ ಕ್ಯಾನ್ ಕರಗಿಸೋ ಆಸೆ ಯಾವತ್ತೋ ಬಿಟ್ಟಿದೀನಿ, ಅದರಲ್ಲಿ ಕಿಟ್ಟ ತುಂಬಾ ಬರುತ್ತೆ. ಶುದ್ಧ ಅಲ್ಯೂಮಿನಿಯಂ ಕರಗೋದು 660 ಡಿಗ್ರಿಗೆ, ನಾನು ಮೀಟರ್ 720 ತೋರಿಸಿದಾಗ ಕಿಟ್ಟ ತೆಗೆದು ಹೊಯ್ದೆ, ಕೆಳಗೆ ಒಣ ಮರಳು ಹರಡಿತ್ತು, ಬರೀ ಕಾಂಕ್ರೀಟ್ ಮೇಲೆ ಚೆಲ್ಲಿದ್ರೆ ಅದರೊಳಗಿನ ತೇವ ಆವಿಯಾಗಿ ಸಿಡಿಯುತ್ತೆ.

ರೈಸರ್ ಕೊಯ್ದು ನೋಡಿದ್ರೆ ಗುಳಿ ರೈಸರಲ್ಲೇ ಇತ್ತು, ಗುಬುಟು ಗಟ್ಟಿ! ಐದೂ ತೂತು ಕೊರೆದೆ, ಸ್ಕ್ರೂ ಕೈಯಲ್ಲೇ ತಿರುಗಿಕೊಂಡು ಹೋದ್ವು. ಸಂಜೆ ಹೊರಗಡೆ ಸೀಮೆಸುಣ್ಣ ಬಳಿದು ಒಳಗೆ ಸೀಮೆಎಣ್ಣೆ ಹೊಯ್ದಿಟ್ಟೆ, ಎಲ್ಲಾದ್ರೂ ಸೋರಿದ್ರೆ ಅಲ್ಲಿ ಸುಣ್ಣ ಒದ್ದೆಯಾಗಿ ಕಪ್ಪಾಗುತ್ತೆ. ಈಗಷ್ಟೇ ಟಾರ್ಚ್ ಹಿಡಿದು ನೋಡ್ಬಂದೆ, ಎಲ್ಲ ಬೆಳ್ಳಗೇ ಇದೆ, ಆ ಉದುರಿದ ಮೂಲೆ ಹತ್ರ ಮಾತ್ರ ಸಾಸಿವೆ ಕಾಳಷ್ಟು ಕಪ್ಪು ಚುಕ್ಕೆ.