ಕಲ್ಲನ್ನೇಕೆ ಕೇಳಿದೆವು?

ಬುಧವಾರ ಮಧ್ಯಾಹ್ನ ಕೇಳಿದ ಒಂದು ಮಾತು ಇನ್ನೂ ತಲೆಯಿಂದ ಇಳಿದಿಲ್ಲ.

"ಇಷ್ಟು ಒದ್ದಾಟ ಯಾಕಮ್ಮಾ? ಉತ್ತರ ಎಷ್ಟಿರಬೇಕು ಎಂಬುದು ನಮಗೆ ಗೊತ್ತೇ ಇದೆಯಲ್ಲ."

ಹೇಳಿದವರು ಬೇರೆ ಊರಿನಿಂದ ನಮ್ಮ ಪ್ರಯೋಗಾಲಯ ನೋಡಲು ಬಂದಿದ್ದ ಹಿರಿಯ ಪ್ರಾಧ್ಯಾಪಕರು. ನನ್ನ ಮುಖ ಬಾಡಿದ್ದನ್ನು ಕಂಡು ಸಮಾಧಾನಪಡಿಸಲೆಂದೇ ಹೇಳಿದರು. ಒಳ್ಳೆಯ ಮನುಷ್ಯ. ಬಂದ ತಕ್ಷಣ ಚಹಾ ತರುವ ಹುಡುಗನ ಊರು, ಹೆಸರನ್ನೂ ಕೇಳಿ ತಿಳಿದುಕೊಂಡಿದ್ದರು. ಅಂಥವರ ಬಾಯಿಂದ ಬಂದದ್ದಕ್ಕೇ ಮಾತು ಹೆಚ್ಚು ನಾಟಿತು.

ಪರದೆಯ ಮೇಲಿದ್ದದ್ದು ಕಡಲಡಿಯ ಕಪ್ಪು ಕಲ್ಲೊಂದರ ವಯಸ್ಸು ಅಳೆದ ಫಲಿತಾಂಶ. ಲಕ್ಷದ್ವೀಪ, ಮಾಲ್ಡೀವ್ಸ್, ಛಾಗೋಸ್ ದ್ವೀಪಗಳನ್ನು ಹೆಗಲ ಮೇಲೆ ಹೊತ್ತು ದಕ್ಷಿಣಕ್ಕೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ಚಾಚಿರುವ ಬೆಟ್ಟಸಾಲಿನ ಕಲ್ಲು ಅದು. ನನ್ನ ಪಾಲಿಗೆ ನಮ್ಮೂರಿನ ಕಲ್ಲಿನ ತಂಗಿ. ನಾನು ಹುಟ್ಟಿದ್ದು ವಿಜಯಪುರದ ಹತ್ತಿರದ ಹಳ್ಳಿಯಲ್ಲಿ. ಅಲ್ಲಿನ ಎರೆಮಣ್ಣು, ಬಾವಿ ತೋಡಿದರೆ ಗುದ್ದಲಿಗೆ ತಗಲುವ ಕರಿಕಲ್ಲು, ಗೋಳಗುಮ್ಮಟದ ಗೋಡೆ ಎಲ್ಲವೂ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ದಖ್ಖನ್ ಲಾವಾದಿಂದ ಬಂದವು. ಆ ಲಾವಾವನ್ನು ಉಕ್ಕಿಸಿದ ಬಿಸಿತಾಣ ಭೂಮಿಯ ಆಳದಲ್ಲಿ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಅದರ ಮೇಲಿಂದ ಭಾರತ ಉತ್ತರಕ್ಕೆ ಸರಿಯಿತು, ಸರಿದ ದಾರಿಯುದ್ದಕ್ಕೂ ಜ್ವಾಲಾಮುಖಿಗಳು ಎದ್ದವು. ಆದ್ದರಿಂದ ದಕ್ಷಿಣಕ್ಕೆ ಹೋದಷ್ಟೂ ಕಲ್ಲು ಎಳೆಯದು. 1987ರಲ್ಲಿ ಜಾಯ್ಡ್ಸ್ ರೆಸಲ್ಯೂಷನ್ ಹಡಗು ಕೊರೆದು ತೆಗೆದ ಕಲ್ಲುಗಳು ಇದನ್ನೇ ಹೇಳಿದವು. ಮಾಲ್ಡೀವ್ಸ್ ಬಳಿಯದಕ್ಕೆ ಸುಮಾರು 5.7 ಕೋಟಿ ವರ್ಷ, ಛಾಗೋಸ್ ಬಳಿಯದಕ್ಕೆ 4.9 ಕೋಟಿ. ಆಮೇಲೆ ಸಾಗರತಳ ಸೀಳಿದ್ದರಿಂದ ಸಾಲು ಮುರಿದು ಮಾರಿಷಸ್ ಕಡೆ ಮುಂದುವರಿಯುತ್ತದೆ. ಅದರ ತುದಿಯಲ್ಲಿ ಇಂದಿಗೂ ಲಾವಾ ಕಾರುತ್ತಿರುವ ರಿಯೂನಿಯನ್ ದ್ವೀಪವಿದೆ.

ಅಂದರೆ ಕಲ್ಲು ಸಿಕ್ಕ ಜಾಗವನ್ನು ನಕಾಶೆಯಲ್ಲಿ ಬೆರಳಿಟ್ಟು ತೋರಿಸಿದರೆ ಸಾಕು, ಅದರ ವಯಸ್ಸು ಎಷ್ಟಿರಬೇಕೆಂದು ಯಾರು ಬೇಕಾದರೂ ಹೇಳಬಹುದು. ಪ್ರಾಧ್ಯಾಪಕರ ಮಾತು ಸುಳ್ಳಲ್ಲ.

ಆದರೆ ಆ ಕಲ್ಲಿನ ಜೊತೆ ನಾನು ಕಳೆದ ತಿಂಗಳುಗಳಿವೆ. ಬಸಾಲ್ಟ್ ಎಂಬ ಆ ಲಾವಾಕಲ್ಲಿನ ತುಂಡು ಕೈಗೆ ಬಂದಾಗ ಅದರ ಗುಳ್ಳೆತೂತುಗಳಲ್ಲಿ ಜಿಯೋಲೈಟ್ ಎಂಬ ಬಿಳಿಯ ಖನಿಜ ತುಂಬಿತ್ತು, ಅಂಚಿನಲ್ಲಿ ಪಾಚಿಬಣ್ಣದ ಜೇಡಿ ಕೂತಿತ್ತು. ಎರಡೂ ಕಡಲ ನೀರಿನ ಕೆಲಸ. ಕೋಟ್ಯಂತರ ವರ್ಷ ನೀರು ಒಳಹೊಕ್ಕು ಹೊಸ ಪೊಟ್ಯಾಸಿಯಂ ತಂದು ಸೇರಿಸಿದೆ, ಹಳೆಯ ಆರ್ಗಾನ್ ಅನಿಲ ಸೋರಿಹೋಗಲು ದಾರಿ ಮಾಡಿಕೊಟ್ಟಿದೆ. ನಮ್ಮ ಗಡಿಯಾರವೋ ಈ ಎರಡರ ಮೇಲೆಯೇ ನಿಂತದ್ದು. ಪೊಟ್ಯಾಸಿಯಂ 40 ಎಂಬ ಪರಮಾಣು 125 ಕೋಟಿ ವರ್ಷಕ್ಕೆ ಅರ್ಧವಾಗುವ ನಿಧಾನದಲ್ಲಿ ಕ್ಷಯಿಸುತ್ತದೆ, ಅದರಲ್ಲೊಂದು ಸಣ್ಣ ಪಾಲು ಆರ್ಗಾನ್ 40 ಆಗಿ ಹರಳಿನೊಳಗೆ ಉಳಿಯುತ್ತದೆ. ಪೊಟ್ಯಾಸಿಯಂಗೆ ಹೋಲಿಸಿದರೆ ಅದು ಎಷ್ಟು ಕೂಡಿದೆಯೆಂದು ನೋಡಿ ವಯಸ್ಸು ಲೆಕ್ಕ ಹಾಕುತ್ತೇವೆ. ಆರ್ಗಾನ್ ಸೋರಿ ಪೊಟ್ಯಾಸಿಯಂ ಸೇರಿದರೆ ಕಲ್ಲು ಇರುವುದಕ್ಕಿಂತ ಎಳೆಯದಾಗಿ ಕಾಣುತ್ತದೆ.

ಅದಕ್ಕೇ ಕಲ್ಲನ್ನು ಕುಟ್ಟಿ, ಜರಡಿ ಹಿಡಿದು, ಆಮ್ಲದಲ್ಲಿ ತೊಳೆದು, ಸೂಕ್ಷ್ಮದರ್ಶಕದ ಕೆಳಗೆ ಫೆಲ್ಡ್‌ಸ್ಪಾರ್ ಹರಳುಗಳನ್ನು ಒಂದೊಂದಾಗಿ ಆರಿಸುತ್ತೇವೆ. ಅಕ್ಕಿ ಆರಿಸಿದ ಹಾಗೆಯೇ, ಆದರೆ ಕಾಳು ರವೆಯಷ್ಟು. ಗಾಜಿನಂತೆ ತಿಳಿಯಾಗಿದ್ದರೆ ಇಟ್ಟುಕೊಳ್ಳಬೇಕು, ಹಾಲು ಕದಡಿದಂತಿದ್ದರೆ ಬಿಡಬೇಕು. ಆರಿಸಿದ್ದನ್ನು ಪರಮಾಣು ರಿಯಾಕ್ಟರಿಗೆ ಕಳಿಸಿ ನ್ಯೂಟ್ರಾನುಗಳಿಗೆ ಒಡ್ಡುತ್ತಾರೆ. ಆಗ ಪೊಟ್ಯಾಸಿಯಂನ ಒಂದಂಶ ಆರ್ಗಾನ್ 39 ಆಗುತ್ತದೆ, ಪೊಟ್ಯಾಸಿಯಂ ಎಷ್ಟಿತ್ತೆಂಬುದನ್ನು ಅದೇ ಹೇಳುತ್ತದೆ. ಆಮೇಲೆ ಕಾವನ್ನು ಹಂತಹಂತವಾಗಿ ಏರಿಸುತ್ತಾ ಹೊರಬರುವ ಅನಿಲವನ್ನು ಅಳೆಯುತ್ತೇವೆ. ಪ್ರತಿ ಹಂತಕ್ಕೂ ಒಂದು ವಯಸ್ಸು. ಅನಿಲದ ಅರ್ಧಕ್ಕೂ ಹೆಚ್ಚು ಪಾಲು ಸಾಲಾದ ಹಂತಗಳಲ್ಲಿ ಒಂದೇ ವಯಸ್ಸು ಹೇಳಿದರೆ ಚಿತ್ರದಲ್ಲಿ ಸಮತಟ್ಟಾದ ಕಟ್ಟೆ ಮೂಡುತ್ತದೆ. ಆ ಕಟ್ಟೆ ಮೂಡಿದ ಮೇಲೆಯೇ ನಾವು ಬಾಯಿ ಬಿಡುವುದು.

ಬುಧವಾರ ಕಟ್ಟೆ ಮೂಡಲಿಲ್ಲ. ಮೆಟ್ಟಿಲು ಏರಿತು, ಇಳಿಯಿತು, ಮತ್ತೆ ಏರಿತು. ನಡುವೆ ಎರಡೇ ಎರಡು ಮೆಟ್ಟಿಲು, ಸಾಲು ಬಯಸುವ ವಯಸ್ಸಿನ ಹತ್ತಿರ ಅಕ್ಕಪಕ್ಕ ನಿಂತಿದ್ದವು. ಪ್ರಾಧ್ಯಾಪಕರ ಬೆರಳು ಅಲ್ಲಿಗೇ ಹೋಯಿತು. "ಇದೋ ಇಲ್ಲಿದೆ ನೋಡು. ಉತ್ತರ ಎಷ್ಟಿರಬೇಕು ಎಂಬುದು ಗೊತ್ತೇ ಇದೆಯಲ್ಲ."

ನಮ್ಮ ಮೇಡಂ ಅಷ್ಟು ಹೊತ್ತೂ ಸುಮ್ಮನಿದ್ದರು. ಅವರದು ಕಡಿಮೆ ಮಾತು, ಬಿಗಿ ಮುಖ. ಮೊದಲ ವರ್ಷ ನನಗೆ ಅವರೆಂದರೆ ಹೆದರಿಕೆಯಿತ್ತು. ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಾ ಕೇಳಿದರು: "ಹಾಗಾದರೆ ಕಲ್ಲನ್ನೇಕೆ ಕೇಳಿದೆವು, ಸರ್?"

ಅವರು ನಕ್ಕರು. ಮೇಡಂ ನಗಲಿಲ್ಲ.

ಬಸ್ಸಿನಲ್ಲಿ, ರಾತ್ರಿ ಹಾಸಿಗೆಯಲ್ಲಿ ಆ ಎರಡು ಮಾತುಗಳನ್ನೇ ಎದುರುಬದುರು ಕೂರಿಸಿಕೊಂಡಿದ್ದೇನೆ. ಮೇಡಂ ಕೇಳಿದ್ದು ಬರೀ ಅತಿ ಎಚ್ಚರಿಕೆಯ ಮಾತಲ್ಲ. 1968ರಲ್ಲಿ ಹವಾಯಿಯ ಕಿಲಾವೇಯಾ ಜ್ವಾಲಾಮುಖಿಯ ಬಳಿ ಆಳ ಕಡಲಿನಲ್ಲಿ ಈಚೆಗಷ್ಟೇ ಹೆಪ್ಪುಗಟ್ಟಿದ್ದ ಲಾವಾಕ್ಕೆ ಕೋಟಿ ವರ್ಷ ಮೀರಿದ ವಯಸ್ಸು ಬಂದದ್ದು ವರದಿಯಾಯಿತು. ನೀರಿನ ಒತ್ತಡದಲ್ಲಿ ಥಟ್ಟನೆ ಗಾಜಾದ ಹೊರಪದರ ಭೂಗರ್ಭದ ಹಳೆಯ ಆರ್ಗಾನನ್ನು ಒಳಗೇ ಹಿಡಿದಿಟ್ಟಿತ್ತು. ಬೇಡದ ಅಂಕಿ ಎಂದು ಅಂದು ಅದನ್ನು ಮಡಚಿಟ್ಟಿದ್ದರೆ ಈ ಪಾಠ ನಮಗೆ ಸಿಗುತ್ತಿರಲಿಲ್ಲ. ಪ್ರತಿಯೊಬ್ಬರೂ ಸಾಲಿಗೆ ಹೊಂದುವ ಎರಡು ಮೆಟ್ಟಿಲನ್ನು ಎತ್ತಿಕೊಂಡು ಉಳಿದದ್ದನ್ನು ಬಿಟ್ಟರೆ ಸಾಲು ನೇರವಾಗಿಯೇ ಕಾಣುತ್ತದೆ. ಆ ನೇರ ಯಾರದು, ಭೂಮಿಯದೋ ನಮ್ಮದೋ?

ಗುರುವಾರ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪನ ಜನ್ಮದಿನಾಂಕ ಜೂನ್ 1. ನಮ್ಮೂರಿನಲ್ಲಿ ಅವರ ವಾರಿಗೆಯ ಬಹಳ ಜನರದೂ ಅದೇ. ಮಾಸ್ತರರು ಹುಡುಗನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಕಿವಿ ಮುಟ್ಟಿಸಿದರು, ಮುಟ್ಟಿತು, ಶಾಲೆಗೆ ಸೇರಲು ಬೇಕಾದ ವಯಸ್ಸಿಗೆ ಹೊಂದುವ ತಾರೀಖು ಬರೆದರು. ಅಪ್ಪ ನಿವೃತ್ತಿಯಾದದ್ದೂ ಅದೇ ಲೆಕ್ಕದಲ್ಲಿ. ಅಜ್ಜಿ ಮಾತ್ರ ಸಾಯುವವರೆಗೂ ಬೇರೆಯೇ ಹೇಳುತ್ತಿದ್ದಳು.

"ಅಜ್ಜಿ ಏನನ್ನುತ್ತಿದ್ದಳು, ಇನ್ನೊಮ್ಮೆ ಹೇಳಿ ಅಪ್ಪಾ."

"ಎಳ್ಳಮಾವಾಸ್ಯೆಯವ್ವಾ. ಹೊಲಕ್ಕೆ ಚರಗ ಚೆಲ್ಲಲು ಹೋದ ದಿನ. ಸೋದರತ್ತೆಯ ಮದುವೆ ಆಗಿತ್ತು, ಬಿಳಿ ಎತ್ತು ಇನ್ನೂ ಸತ್ತಿರಲಿಲ್ಲ."

ಫೋನು ಹಿಡಿದು ಸುಮ್ಮನೆ ನಿಂತೆ. ಮದುವೆಯ ಈಚೆ, ಎತ್ತು ಸಾಯುವುದಕ್ಕೆ ಮೊದಲು. ಮಾಲ್ಡೀವ್ಸ್ ಬಳಿ ಕೊರೆದಲ್ಲಿ ಬಸಾಲ್ಟಿನ ಮೇಲೆ ಹವಳದಿಬ್ಬದ ಸುಣ್ಣಕಲ್ಲು ಕೂತಿದೆ. ಅದರೊಳಗಿನ ಜೀವಿಗಳ ಅವಶೇಷ ಹೇಳುವುದೂ ಇಷ್ಟೇ: ಕೆಳಗಿನ ಕಲ್ಲು ನನಗಿಂತ ಹಳೆಯದು. ಅಜ್ಜಿಗೆ ಓದು ಬರುತ್ತಿರಲಿಲ್ಲ. ಆದರೆ ತನಗೆ ತಿಳಿದಷ್ಟಕ್ಕೇ ಮಾತು ನಿಲ್ಲಿಸುವುದು ಬರುತ್ತಿತ್ತು. ಅವಳು ಎಂದೂ ಇಸವಿ ಹೇಳಲಿಲ್ಲ.

ಅಪ್ಪ ಕೇಳಿದರು, "ಆ ಕಲ್ಲಿನದು ಏನಾಯಿತು?"

"ಇನ್ನೂ ಹೇಳಿಲ್ಲ ಅಪ್ಪಾ."

ಶುಕ್ರವಾರ ಮೇಡಂ ಎದುರು ನಮೂನೆಗಳ ಪುಸ್ತಕ ತೆರೆದು, ಆ ಕಲ್ಲಿನ ಸಾಲಿನಲ್ಲಿ "ವಯಸ್ಸು ನಿರ್ಧಾರವಾಗಲಿಲ್ಲ" ಎಂದು ಬರೆದೆ. ಅವರು ಓದಿ, ಕೆಳಗೆ ಸಹಿ ಹಾಕಿ, ಕಪಾಟಿನಿಂದ ಅದೇ ಕಲ್ಲಿನ ಉಳಿದ ಅರ್ಧ ತುಂಡನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು. ಕುಟ್ಟಿ, ತೊಳೆದು ಇಂದು ಬೆಳಿಗ್ಗೆಯಿಂದ ಆರಿಸುತ್ತಿದ್ದೇನೆ. ಈ ಹೊತ್ತಿಗೆ ತಿಳಿಯಾದ ಹರಳು ಹದಿನಾಲ್ಕು ಸಿಕ್ಕಿವೆ.