ನೊಗ ಇಳಿಸಿದ ದಿನ

ಕಳೆದ ರವಿವಾರ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಂಡು ಕ್ರಿಸ್ತನನ್ನು ನೆನೆಯುವ ಕರ್ತನ ಭೋಜನದ ಆರಾಧನೆಯಲ್ಲಿ ಸಭಾಪಾಲಕರು ಹತ್ತು ಆಜ್ಞೆಗಳನ್ನು ಓದಿದರು. ಚಿಕ್ಕಂದಿನಿಂದ ಬಾಯಿಪಾಠವಾಗಿರುವ ಮಾತುಗಳಾದ್ದರಿಂದ ತುಟಿ ತಾನಾಗಿ ಆಡುತ್ತದೆ, ಮನಸ್ಸು ಬೇರೆಲ್ಲೋ ಇರುತ್ತದೆ. ಆದರೆ ಅಂದು, ವಾರದ ಏಳನೆಯ ದಿನ ಯಾರೂ ಕೆಲಸ ಮಾಡಬಾರದೆಂಬ ನಾಲ್ಕನೆಯ ಆಜ್ಞೆಯಲ್ಲಿ ಮಕ್ಕಳೂ ದಾಸದಾಸಿಯರೂ ಮುಗಿದು ಪಶುಗಳ ಸರದಿ ಬಂದ ಕೂಡಲೇ ಹರಳೆಣ್ಣೆಯ ವಾಸನೆ ಮೂಗಿಗೆ ಬಡಿದಂತಾಯಿತು. ಕಣ್ಣು ತುಂಬಿಕೊಂಡು ಮುಂದಿನ ಆಜ್ಞೆಗಳು ಕಿವಿಗೆ ಬೀಳಲಿಲ್ಲ.

ಅದು ನಮ್ಮಜ್ಜನ ಕೈಯ ವಾಸನೆ. ಸ್ವಿಟ್ಜರ್‌ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1837ರಲ್ಲಿ ಕೆಲಸ ಆರಂಭಿಸಿದ ಧಾರವಾಡದ ಸೀಮೆಯವರು ನಾವು, ಅಜ್ಜ ಒಕ್ಕಲುತನದವರು. ಬಸವಣ್ಣನ ವಾರವೆಂದು ನೆರೆಹೊರೆಯವರು ಸೋಮವಾರ ಎತ್ತು ಹೂಡುತ್ತಿರಲಿಲ್ಲ. ನಮ್ಮ ಮನೆಯ ಎತ್ತುಗಳಿಗೆ ರವಿವಾರ ಬಿಡುವು. ಹಸಿ ಆರಿಹೋಗುವ ಬಿತ್ತನೆಯ ದಿನಗಳಲ್ಲಿಯೂ ಅಜ್ಜ ಈ ನೇಮವನ್ನು ಮುರಿದವರಲ್ಲ. ಆರಾಧನೆ ಮುಗಿಸಿ ಬಂದು, ಊಟವಾದ ಮೇಲೆ, ಬಿಳಿ ಅಂಗಿಯ ತೋಳು ಮಡಚಿ ಕೊಟ್ಟಿಗೆಗೆ ಹೋಗುತ್ತಿದ್ದರು. ನೊಗ ತಾಗಿ ಜಡ್ಡುಗಟ್ಟಿದ ಹೆಗಲಿಗೆ ಉಗುರುಬೆಚ್ಚಗಿನ ಹರಳೆಣ್ಣೆ ಹಚ್ಚಿ ಹೆಬ್ಬೆರಳಿನಿಂದ ಮೆಲ್ಲಗೆ ತೀಡುತ್ತಿದ್ದರು. ಎತ್ತು ಮೊದಲು ಚರ್ಮ ನಡುಗಿಸುತ್ತಿತ್ತು. ಬರಬರುತ್ತ ಕಣ್ಣು ಅರೆಮುಚ್ಚಿ, ಕತ್ತು ಚಾಚಿ, ದೀರ್ಘವಾಗಿ ಉಸಿರು ಬಿಡುತ್ತಿತ್ತು. ಪಕ್ಕದಲ್ಲಿ ಎಣ್ಣೆಯ ಬಟ್ಟಲು ಹಿಡಿದು ನಿಂತಿದ್ದ ನನ್ನ ಮುಂಗೈಗೆ ಆ ಬಿಸಿಯುಸಿರು ತಾಗುತ್ತಿತ್ತು. "ಇವಕ್ಕೂ ದೇವರು ಒಂದು ದಿನಾ ಕೊಟ್ಟಾನಪ್ಪಾ, ನಾವು ಕಸಗೋಬಾರದು" ಎಂದು ಅಜ್ಜ ಹೇಳುತ್ತಿದ್ದರು.

ಆಜ್ಞೆಯೆಂದರೆ ಅಂಕುಶ, ಮೋಶೆಯ ಧರ್ಮಶಾಸ್ತ್ರವೆಂದರೆ ಬೇಲಿ, ಕ್ರಿಸ್ತನು ಬಂದು ಅದನ್ನೆಲ್ಲ ಕಿತ್ತುಹಾಕಿದನು ಎಂದು ತಿಳಿದವರು ನಮ್ಮಲ್ಲಿಯೇ ಬಹಳ ಮಂದಿ ಇದ್ದಾರೆ. ಕ್ರಿಸ್ತನಾದರೋ ತಾನು ಅದನ್ನು ತೆಗೆದುಹಾಕುವುದಕ್ಕಲ್ಲ, ನೆರವೇರಿಸುವುದಕ್ಕೆ ಬಂದೆನೆಂದನು. ಹತ್ತು ಆಜ್ಞೆಗಳು ಆರಂಭವಾಗುವುದೂ ಬೇಡ ಎಂಬ ಮಾತಿನಿಂದಲ್ಲ, ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ನಿನ್ನನ್ನು ಬಿಡಿಸಿದವನು ನಾನು ಎಂದು ದೇವರು ಇಸ್ರಾಯೇಲ್ಯರಿಗೆ ಹೇಳಿದ ಮಾತಿನಿಂದ. ಮೊದಲು ಬಿಡುಗಡೆ, ಆಮೇಲೆ ಆಜ್ಞೆಗಳನ್ನು ಕೊಟ್ಟ ಸೀನಾಯಿ ಬೆಟ್ಟ. ಮೂರು ದಿನದ ಪ್ರಯಾಣದಷ್ಟು ದೂರ ಹೋಗಿ ದೇವರಿಗೆ ಯಜ್ಞ ಮಾಡುತ್ತೇವೆಂದು ಕೇಳಿದ್ದಕ್ಕೆ ಐಗುಪ್ತದ ಅರಸನಾದ ಫರೋಹನು ಇಸ್ರಾಯೇಲ್ಯರನ್ನು ಮೈಗಳ್ಳರೆಂದು ಜರೆದು, ಇಟ್ಟಿಗೆಯ ಮಣ್ಣಿಗೆ ಬೆರೆಸುವ ಹುಲ್ಲನ್ನು ತಾವೇ ಕೂಡಿಸಿಕೊಂಡು ಮೊದಲಿನಷ್ಟೇ ಇಟ್ಟಿಗೆ ಮಾಡಬೇಕೆಂದು ಅಪ್ಪಣೆ ಮಾಡಿದ್ದನು. ಅಂಥ ಜನಕ್ಕೆ ಏಳನೆಯ ದಿನ ಕೈಕಟ್ಟಿ ಕುಳಿತುಕೊಳ್ಳಿರಿ ಎಂಬ ಆಜ್ಞೆ ಎಷ್ಟು ಸಿಹಿಯಾಗಿ ಕೇಳಿಸಿರಬೇಕು! ಬೈಬಲಿನ ಧರ್ಮೋಪದೇಶಕಾಂಡವೆಂಬ ಪುಸ್ತಕದಲ್ಲಿ ಈ ಆಜ್ಞೆಗೆ ಕೊಟ್ಟಿರುವ ಕಾರಣವೂ ಅದೇ: ನೀನು ಐಗುಪ್ತದಲ್ಲಿ ದಾಸನಾಗಿದ್ದದ್ದನ್ನು ನೆನಪುಮಾಡಿಕೋ, ನಿನ್ನ ಹಾಗೆಯೇ ನಿನ್ನ ಆಳುಗಳಿಗೂ ವಿಶ್ರಾಂತಿಯಾಗಲಿ. 176 ವಚನಗಳ 119ನೆಯ ಕೀರ್ತನೆಯುದ್ದಕ್ಕೂ ದೇವರ ಕಟ್ಟಳೆಗಳನ್ನು ಜೇನಿಗಿಂತ ಸಿಹಿ, ಚಿನ್ನಕ್ಕಿಂತ ಪ್ರಿಯ ಎಂದು ಹಾಡಿದವನು ಇಂಥ ರುಚಿಯನ್ನು ಉಂಡವನೇ ಇರಬೇಕೆಂದು ನನಗೆ ಅನಿಸುತ್ತದೆ.

ಆರಾಧನೆಯಿಂದ ಬಂದವನು ಲೂಕನ ಸುವಾರ್ತೆಯ ಹದಿಮೂರನೆಯ ಅಧ್ಯಾಯವನ್ನು ತೆರೆದೆನು. ಹದಿನೆಂಟು ವರ್ಷ ನಡು ಬಗ್ಗಿಹೋಗಿ, ತಲೆಯೆತ್ತಿ ಮನುಷ್ಯರ ಮುಖವನ್ನು ನೋಡಲಾರದೆ ಇದ್ದ ಹೆಂಗಸನ್ನು ಯೇಸು ಆ ವಿಶ್ರಾಂತಿಯ ದಿನವಾದ ಸಬ್ಬತ್ತಿನಲ್ಲಿಯೇ ನೆಟ್ಟಗೆ ನಿಲ್ಲಿಸಿದನು. ಗುಣಪಡಿಸುವುದೂ ಕೆಲಸವೇ ಎಂದು ಸಿಟ್ಟಾದ, ಯೆಹೂದ್ಯರ ಸಭಾಮಂದಿರದ ಅಧಿಕಾರಿಗೆ ಅವನು ಕೊಟ್ಟ ಉತ್ತರದಲ್ಲಿ ಬರುವುದು ಕೊಟ್ಟಿಗೆಯ ಎತ್ತು, ಕತ್ತೆ: ಸಬ್ಬತ್ತಿನಲ್ಲಿ ಅವುಗಳ ಹಗ್ಗ ಬಿಚ್ಚಿ ನೀರಿಗೆ ಹೊಡೆದುಕೊಂಡು ಹೋಗುತ್ತೀರಿ; ಅಬ್ರಹಾಮನ ಮಗಳಾದ ಇವಳ ಕಟ್ಟನ್ನು ಬಿಚ್ಚಬಾರದೋ? ಯೇಸು ಅಂದು ಆಜ್ಞೆಯನ್ನು ಮುರಿದನೆಂದು ನಾನು ಒಪ್ಪುವುದಿಲ್ಲ. ಆಜ್ಞೆ ಯಾತಕ್ಕಾಗಿ ಇತ್ತೋ ಅದನ್ನೇ ಮಾಡಿದನು. ತನ್ನ ನೊಗವು ಮೃದುವಾದದ್ದು ಎಂದು ಕರೆದವನು ಅವನಲ್ಲವೇ? ಆ ಮಾತನ್ನು ಓದಿದಾಗಲೆಲ್ಲ ನನಗೆ ಕಾಣುವುದು ಎಣ್ಣೆ ಹಚ್ಚುವ ಕೈ.

ಈಗ ನಮ್ಮ ರವಿವಾರಗಳು ಏನಾಗಿವೆ? ಕ್ರಿಸ್ತನ ಪುನರುತ್ಥಾನದ ದಿನವೆಂದು ಹಿರಿಯರು ಸಬ್ಬತ್ತಿನಂತೆ ಎತ್ತಿಟ್ಟಿದ್ದ ದಿನದಲ್ಲಿ ಮಕ್ಕಳಿಗೆ ಟ್ಯೂಷನ್, ದೊಡ್ಡವರಿಗೆ ಕಚೇರಿಯ ಕರೆ. ಪ್ರಸಂಗದ ನಡುವೆ ಮೊಬೈಲಿನ ಬೆಳಕು ಮುಖಗಳ ಮೇಲೆ ಆಡುತ್ತಿರುತ್ತದೆ. ಸೋಮವಾರದಿಂದ ಶನಿವಾರದವರೆಗೆ ದುಡಿದರೂ ಸಾಲದೆಂದು ನಮ್ಮ ಇಟ್ಟಿಗೆಯ ಲೆಕ್ಕವನ್ನು ನಾವೇ ಏರಿಸಿಕೊಳ್ಳುತ್ತಿದ್ದೇವೆ. ಮನೆಗೆಲಸಕ್ಕೆ ಬರುವ ತಾಯಿಗೆ ವಾರಕ್ಕೊಂದು ಬಿಡುವು ಕೊಡುವ ಕ್ರೈಸ್ತ ಮನೆಗಳು ನಮ್ಮಲ್ಲಿ ಎಷ್ಟಿವೆ? ನಮ್ಮ ಮನೆಯಲ್ಲಿಯೂ ಕೊಟ್ಟಿರಲಿಲ್ಲ. ಬಿಡುವು ಆಕೆಗೆ ಸಲ್ಲಬೇಕಾದದ್ದು, ನಾನು ಕಸಿದುಕೊಂಡಿದ್ದೆನು.

ಅಂದು ಸಂಜೆಯೇ ಆಕೆಗೆ ಫೋನು ಮಾಡಿ, ಇನ್ನು ಮುಂದೆ ರವಿವಾರ ಬರುವುದು ಬೇಡ, ಸಂಬಳದಲ್ಲಿ ಏನೂ ಕಡಿಮೆಯಾಗುವುದಿಲ್ಲ ಎಂದೆನು. ಆಕೆ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಆ ಕಡೆಯಿಂದ ದೀರ್ಘವಾದ ಒಂದು ಉಸಿರು ಕೇಳಿಸಿತು.