ಸಕಲೇಶಪುರಕ್ಕೆ ಹೋದರೆ ಪೇಟೆಯಲ್ಲೂ ಒಂದು ರಾತ್ರಿ ಇರಿ

ಸಕಲೇಶಪುರಕ್ಕೆ ಹೋಗಿ ಬಂದೆ ಅನ್ನುವವರಲ್ಲಿ ಎಷ್ಟೋ ಜನ ಆ ಊರನ್ನೇ ನೋಡಿರುವುದಿಲ್ಲ. ಹೇಮಾವತಿ ಸೇತುವೆ ದಾಟಿ, ಪೆಟ್ರೋಲ್ ಹಾಕಿಸಿ, ಸೀದಾ ಯಾವುದೋ ತೋಟದ ಹೋಂಸ್ಟೇ. ಹೋದ ಸಲ ನಾವೂ ಅದನ್ನೇ ಮಾಡಿದ್ದೆವು. ‘ಹೊಳೆ ಪಕ್ಕದಲ್ಲೇ’ ಎಂದು ಫೋನಲ್ಲಿ ಹೇಳಿದ್ದ ಜಾಗ ಪೇಟೆಯಿಂದ ಹದಿನಾರು ಕಿಲೋಮೀಟರ್ ದೂರ. ಕೊನೆಯ ಎರಡು ಕಿಲೋಮೀಟರ್ ಜೀಪು, ಅದಕ್ಕೆ ಬೇರೆ ದುಡ್ಡು. ಹೊಳೆ ಅಂದಿದ್ದು ಮೊಣಕಾಲು ನೆನೆಯದ ಹಳ್ಳ. ಬುಕ್ ಮಾಡುವ ಮುಂಚೆ ಪೇಟೆಯಿಂದ ಎಷ್ಟು ದೂರ, ಸ್ವಂತ ಕಾರು ಬಾಗಿಲವರೆಗೆ ಹೋಗುತ್ತದಾ ಎಂದು ಕೇಳಿಕೊಳ್ಳಿ.

ಈ ಸಲ ಡಿಸೆಂಬರ್‌ನಲ್ಲಿ ನಾನು, ಅತ್ತಿಗೆ ಇಬ್ಬರೇ ಹೊರಟೆವು. ಹಾಸನದಿಂದ ಸುಮಾರು 40 ಕಿಲೋಮೀಟರ್. ಮಂಗಳೂರು, ಧರ್ಮಸ್ಥಳ, ಸುಬ್ರಹ್ಮಣ್ಯದ ಕಡೆ ಹೋಗುವ ಬಸ್ಸುಗಳು ಸಿಗುತ್ತಲೇ ಇರುತ್ತವೆ. ಪೇಟೆಯಲ್ಲೇ ಒಂದು ಸಾಧಾರಣ ಲಾಡ್ಜ್ ಹಿಡಿದು ಎರಡು ರಾತ್ರಿ ಇದ್ದೆವು. ಬಿಸಿನೀರು ಬೆಳಿಗ್ಗೆ ಮಾತ್ರ. ಅದು ಬಿಟ್ಟರೆ ತಕರಾರಿಲ್ಲ.

ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಸುಮ್ನೆ ಕಿವಿ ತೆರೆದು ಕೂತಿದ್ದೆ. ಹಿಂದಿನ ಟೇಬಲಿನಲ್ಲಿ ಇಬ್ಬರು ಬ್ಯಾರಿ ಭಾಷೆಯಲ್ಲಿ ಕಾಳುಮೆಣಸಿನ ರೇಟು ಮಾತಾಡುತ್ತಿದ್ದರು. ಗಲ್ಲಾದಲ್ಲಿ ಕೂತವರು ಅಡುಗೆಯವನಿಗೆ ತುಳುವಿನಲ್ಲಿ ಬೈದು, ನನಗೆ ಕನ್ನಡದಲ್ಲಿ ಚಿಲ್ಲರೆ ಕೇಳಿದರು. ಹೊರಗೆ ಪಿಕಪ್‌ಗೆ ಕಾಯುತ್ತಿದ್ದ ಹೆಂಗಸರದು ತಮಿಳು. ಪಕ್ಕದ ಅಂಗಡಿಯಲ್ಲಿ ಮೊಬೈಲಿಗೆ ಕರೆನ್ಸಿ ಹಾಕಿಸುತ್ತಿದ್ದ ಹುಡುಗರು ಅಸ್ಸಾಮಿನವರು. ಇಷ್ಟು ಸಣ್ಣ ಊರಲ್ಲಿ ಇಷ್ಟೊಂದು ಭಾಷೆ!

ಇದಕ್ಕೆಲ್ಲ ಕಾರಣ ಕಾಫಿ ಮತ್ತು ಘಾಟಿ. ಈ ತಾಲ್ಲೂಕಿಗೆ ಹಿಂದೆ ಮಂಜರಾಬಾದ್ ಎಂದೇ ಹೆಸರು. 1850ರ ದಶಕದಲ್ಲೇ ಇಲ್ಲಿ ಬಿಳಿಯರು ಕಾಫಿ ತೋಟ ಮಾಡಿದ್ದರು. ತೋಟದ ಕೆಲಸಕ್ಕೆ ತಮಿಳರು ಬಂದು ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಉಳಿದರು. ಕರಾವಳಿಯಿಂದ ಶಿರಾಡಿ ಘಾಟಿ ಹತ್ತಿ ಬ್ಯಾರಿಗಳು, ಬಂಟರು, ಕೊಂಕಣಿ ಮಾತಾಡುವ ಕ್ರೈಸ್ತರು ಬಂದರು. ಮಲೆಯಾಳಿಗಳೂ ಇದ್ದಾರೆ. ಒಕ್ಕಲಿಗರು, ಲಿಂಗಾಯತರು ಮೊದಲಿಂದ ಇದ್ದವರು. ಈಗ ಹಣ್ಣು ಕೊಯ್ಯಲು ಅಸ್ಸಾಮಿನ ಕಡೆಯವರು.

ಅತ್ತಿಗೆ ಪುತ್ತೂರಿನವರು. ಮೀನಂಗಡಿ ಕಂಡರೆ ಕಾಲು ತಾನೇ ನಿಲ್ಲುತ್ತದೆ. ಉಳಿದಿರುವುದು ಲಾಡ್ಜಿನಲ್ಲಿ, ಒಲೆಯಿಲ್ಲ, ಪಾತ್ರೆಯಿಲ್ಲ. ಆದರೂ ‘ಬಂಗುಡೆಗ್ ಏತ್?’ ಎಂದು ಕೇಳಿಯೇ ಬಿಟ್ಟರು. ಅವನೂ ತುಳುವಿನಲ್ಲೇ ರೇಟು ಹೇಳಿ, ‘ಅಕ್ಕ, ಬೆಳಿಗ್ಗೆ ಮಂಗಳೂರಿಂದ ಬಂದದ್ದು’ ಎಂದ. ಕೊನೆಗೆ ಅವನೇ ತೋರಿಸಿದ ಹೋಟೆಲಿನಲ್ಲಿ ಬಂಗುಡೆ ಫ್ರೈ ತಿಂದೆವು. ರಾತ್ರಿ ಅಕ್ಕಿ ರೊಟ್ಟಿ, ಕೋಳಿ ಸಾರು. ಒಂಬತ್ತು ಗಂಟೆಯೊಳಗೆ ಊಟ ಮುಗಿಸಿ. ತಡವಾದರೆ ಆಯ್ಕೆ ಕಮ್ಮಿ.

ಹೊಳೆಗೆ ನಡೆದೇ ಹೋಗಬಹುದು. ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟಿದ ಹೇಮಾವತಿ ಊರಿನ ಮಗ್ಗುಲಲ್ಲೇ ಹರಿದು ಗೊರೂರು ಅಣೆಕಟ್ಟಿಗೆ ಹೋಗುತ್ತದೆ. ಡಿಸೆಂಬರ್‌ನಲ್ಲಿ ಬಂಡೆ ಕಾಣುವಷ್ಟು ಶಾಂತ. ಜುಲೈ, ಆಗಸ್ಟಿನಲ್ಲಿ ಇದೇ ನೀರು ಹೊಳೆಮಲ್ಲೇಶ್ವರ ದೇವಸ್ಥಾನದೊಳಗೆ ನುಗ್ಗುತ್ತದೆ. ಊರಿಗೆ ಹೆಸರು ಕೊಟ್ಟ ಸಕಲೇಶ್ವರನ ಗುಡಿಯೂ ಹತ್ತಿರವೇ. ಲಿಂಗದ ಒಂದು ಚೂರು, ಅಂದರೆ ಶಕಲ, ಮುಕ್ಕಾಗಿದ್ದರಿಂದ ಶಕಲೇಶ್ವರ ಎಂದಾಯಿತು ಅನ್ನುವ ಕಥೆಯಿದೆ.

ಮಂಜರಾಬಾದ್ ಕೋಟೆಗೆ ಆಟೋ ಮಾಡಿಕೊಳ್ಳಿ. ಹೆದ್ದಾರಿ ಪಕ್ಕ, ದೋಣಿಗಾಲ್ ಹತ್ತಿರ, ಐದಾರು ಕಿಲೋಮೀಟರ್. ಟಿಪ್ಪು ಕಟ್ಟಿಸಿದ, ಎಂಟು ಮೂಲೆಯ ನಕ್ಷತ್ರದಾಕಾರದ ಕೋಟೆ. ಡ್ರೋನ್ ಫೋಟೋ ನೋಡಿ ಹೋದವರಿಗೆ ಒಳಗೆ ನಿಂತಾಗ ನಕ್ಷತ್ರ ಕಾಣುವುದೇ ಇಲ್ಲ, ನಮಗೂ ಕಾಣಲಿಲ್ಲ. ಗೋಡೆಯ ಮೇಲೆ ಒಂದು ಸುತ್ತು ನಡೆದರೆ ಅಂದಾಜು ಸಿಗುತ್ತದೆ. ಮೆಟ್ಟಿಲು ಜಾಸ್ತಿ, ಮಂಡಿನೋವಿದ್ದವರು ಯೋಚಿಸಿ. ವಾಪಸ್ ಬರಲು ಆಟೋದವರನ್ನೇ ಕಾಯಲು ಹೇಳಿ. ನಾವು ಹೇಳಲಿಲ್ಲ, ಹೆದ್ದಾರಿಯಲ್ಲಿ ಮುಕ್ಕಾಲು ಗಂಟೆ ಲಾರಿಗಳ ಧೂಳು ಕುಡಿದೆವು.

ರೈಲಿನ ಮೇಲೆ ಆಸೆಯಿದ್ದರೆ ಹಗಲಿನ ರೈಲೇ ಹಿಡಿಯಿರಿ. ಇಲ್ಲಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿಲೋಮೀಟರ್ ಘಾಟಿ, 57 ಸುರಂಗ. ಮಳೆಗಾಲದಲ್ಲಿ ಗುಡ್ಡ ಕುಸಿದು ರೈಲು, ರಸ್ತೆ ಎರಡೂ ನಿಂತದ್ದುಂಟು. ಹಾಗಾಗಿ ಹೊರಡುವ ದಿನವೇ ವಿಚಾರಿಸಿ. ಹಳಿ ಮೇಲೆ ನಡೆಯುವ ಚಾರಣ ಮಾತ್ರ ಬೇಡ. ಅದು ಕಾನೂನುಬಾಹಿರ, ಸಿಕ್ಕಿಬಿದ್ದರೆ ದಂಡ.

ಇನ್ನೊಂದು ಮಾತು ಆನೆಯದು. ಈ ಸೀಮೆಯಲ್ಲಿ ಕಾಡಾನೆ ತೋಟಕ್ಕೇ ಬರುತ್ತದೆ. ಬೆಳಗಿನ ಜಾವ, ಸಂಜೆ ಕತ್ತಲಲ್ಲಿ ತೋಟದ ದಾರಿಯಲ್ಲಿ ವಾಕಿಂಗ್ ಹೊರಡಬೇಡಿ. ಊರವರು ‘ಆ ಕಡೆ ಬೇಡ’ ಅಂದರೆ ಬೇಡವೇ.

ಹೊರಡುವ ದಿನ ಪೇಟೆಯಲ್ಲಿ ಕಾಫಿಪುಡಿ ತಗೊಂಡೆವು. ಎಷ್ಟು ಚಿಕೋರಿ ಎಂದು ಕೇಳುತ್ತಾರೆ, ಮೊದಲೇ ತೀರ್ಮಾನಿಸಿಕೊಳ್ಳಿ. ಅತ್ತಿಗೆ ‘ಚಿಕೋರಿ ಬೇಡವೇ ಬೇಡ’ ಅಂದರು, ನಾನು ‘ಸ್ವಲ್ಪ ಇರಲಿ’ ಅಂದೆ. ಅಂಗಡಿಯವರು ಏನೂ ಮಾತಾಡದೆ ಎರಡು ಪೊಟ್ಟಣ ಕಟ್ಟಿಕೊಟ್ಟರು.